ಸೊಟ್ಟಾದ ಬೆನ್ನುಮೂಳೆಗೆ ಆಪರೇಷನ್: ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತರಿಂದ ಹದಿನೆಂಟು ವರ್ಷದ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಬೆನ್ನುಮೂಳೆ ಪಕ್ಕಕ್ಕೆ ವಾಲುವ ಸ್ಕೋಲಿಯೋಸಿಸ್ ಬಗ್ಗೆಯೇ ಇಲ್ಲಿ ಹೆಚ್ಚಿನ ಮಾತು. ಟಿಬಿಯಿಂದ ಬರುವ ಗೂನು, ಹುಟ್ಟಿನಿಂದಲೇ ಇರುವ ಡೊಂಕು ಇವುಗಳ ಲೆಕ್ಕ ಬೇರೆ. ಅವನ್ನು ಕೊನೆಯ ಹೊತ್ತಿಗೆ ನೋಡೋಣ.

ಮಗಳ ಬೆನ್ನು ಒಂದು ಕಡೆ ಉಬ್ಬಿದಂತೆ ಕಾಣುತ್ತದೆ. ಇದು ಗೂನೇ?

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಗು ಬರಿಗಾಲಲ್ಲಿ ಪಾದ ಜೋಡಿಸಿ ನಿಂತು, ಮೊಣಕಾಲು ಮಡಿಸದೆ, ಎರಡೂ ಅಂಗೈ ಕೂಡಿಸಿ ಮುಂದಕ್ಕೆ ಬಾಗಲಿ. ನೀವು ಹಿಂದೆ ಕೂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಎಡಬಲ ಎರಡೂ ಒಂದೇ ಎತ್ತರದಲ್ಲಿದ್ದರೆ ಸರಿ. ಒಂದು ಕಡೆಯ ಪಕ್ಕೆಲುಬುಗಳು ಮೇಲೆದ್ದಿದ್ದರೆ ಎಕ್ಸ್-ರೇ ಬೇಕು. ಆಡಮ್ಸ್ ಪರೀಕ್ಷೆ ಅಂತ ವೈದ್ಯರು ಮಾಡುವುದೂ ಇದನ್ನೇ.

ಬೆನ್ನುಮೂಳೆ ಬರೀ ಪಕ್ಕಕ್ಕೆ ವಾಲಿರುವುದಿಲ್ಲ, ತನ್ನ ಸುತ್ತಲೂ ತಿರುಚಿಕೊಂಡಿರುತ್ತದೆ. ಆ ತಿರುಚಿನ ಜೊತೆ ಪಕ್ಕೆಲುಬೂ ತಿರುಗುವುದರಿಂದ ಬೆನ್ನು ಒಂದು ಕಡೆ ಉಬ್ಬುತ್ತದೆ. ಇದನ್ನು ಮೊದಲು ಗುರುತಿಸುವುದು ಹೆಚ್ಚಾಗಿ ಎಣ್ಣೆ ಸ್ನಾನ ಮಾಡಿಸುವ ಅಜ್ಜಿ, ಇಲ್ಲವೇ ಚೂಡಿದಾರದ ಅಳತೆ ತೆಗೆಯುವಾಗ ಒಂದು ಹೆಗಲು ಕೆಳಗಿದೆ ಅಂದ ಟೈಲರ್. ನೋವಿರುವುದಿಲ್ಲ ಅಥವಾ ಅಲ್ಪಸ್ವಲ್ಪ ಇರುತ್ತದೆ. ಆದ್ದರಿಂದಲೇ ತಡವಾಗುವುದು.

ಎಕ್ಸ್-ರೇಯಲ್ಲಿ ಡೊಂಕು 10 ಡಿಗ್ರಿ ದಾಟಿದರೆ ಮಾತ್ರ ಸ್ಕೋಲಿಯೋಸಿಸ್ ಅನ್ನುತ್ತಾರೆ. ಈ ವಯಸ್ಸಿನ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಅಷ್ಟು ಇರುತ್ತದೆ. ಅವರಲ್ಲಿ ಬಹುಪಾಲು ಮಕ್ಕಳಿಗೆ ಆಪರೇಷನ್ನಿನ ಅಗತ್ಯವೇ ಬೀಳುವುದಿಲ್ಲ.

ಭಾರದ ಸ್ಕೂಲ್ ಬ್ಯಾಗಿನಿಂದ ಹೀಗಾಯಿತೇ? ಮೊಬೈಲ್ ಹಿಡಿದು ಸೊಟ್ಟಗೆ ಕೂತಿದ್ದರಿಂದಲೇ?

ಇಲ್ಲ. ಬ್ಯಾಗು ಬೆನ್ನುನೋವು ತರಬಹುದು, ಬೆನ್ನುಮೂಳೆಯನ್ನು ತಿರುಚುವುದಿಲ್ಲ. ಹದಿವಯಸ್ಸಿನಲ್ಲಿ ಬರುವ ಈ ಡೊಂಕಿಗೆ ಇಂಥದ್ದೇ ಕಾರಣ ಎಂದು ವೈದ್ಯಕೀಯ ಇನ್ನೂ ಹೇಳಲಾರದು. ಕೆಲವು ಕುಟುಂಬಗಳಲ್ಲಿ ಹೆಚ್ಚು ಕಾಣುತ್ತದೆ ಅನ್ನುವುದಂತೂ ನಿಜ. ಹಾಗಾಗಿ ಅಕ್ಕನಿಗಿದ್ದರೆ ತಂಗಿಯ ಬೆನ್ನನ್ನೂ ಒಮ್ಮೆ ನೋಡಿ. "ನೆಟ್ಟಗೆ ಕೂರು ಅಂದ್ರೆ ಕೇಳಿದ್ಯಾ" ಅಂತ ಮಗುವನ್ನು ಬೈಯುವುದನ್ನು ದಯವಿಟ್ಟು ಇಂದಿಗೇ ನಿಲ್ಲಿಸಿ.

ಎಷ್ಟು ಡಿಗ್ರಿ ಆದರೆ ಆಪರೇಷನ್ ಬೇಕು?

ಡಿಗ್ರಿ ಅಂದರೆ ಕಾಬ್ ಕೋನ, ಬೆನ್ನುಮೂಳೆ ಎಷ್ಟು ವಾಲಿದೆ ಎಂದು ಎಕ್ಸ್-ರೇ ಮೇಲೆ ಅಳೆಯುವ ಕೋನ. ಅಮೆರಿಕದ ಜಾನ್ ಕಾಬ್ 1948ರಲ್ಲಿ ವಿವರಿಸಿದ ಅಳತೆ ಇದು, ಇಂದಿಗೂ ಎಲ್ಲರೂ ಬಳಸುವುದು ಇದನ್ನೇ. ಸಾಮಾನ್ಯವಾಗಿ 25 ಡಿಗ್ರಿವರೆಗೆ ನಾಲ್ಕಾರು ತಿಂಗಳಿಗೊಮ್ಮೆ ನೋಡುತ್ತಾ ಹೋಗುವುದು, ಇನ್ನೂ ಬೆಳೆಯುವ ಮಗುವಿಗೆ 25ರಿಂದ 40ರವರೆಗೆ ಬ್ರೇಸ್ (ಮೈಗೆ ಕಟ್ಟುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿ), 45–50 ದಾಟಿದರೆ ಆಪರೇಷನ್ ಮಾತು.

ಆದರೆ ಅಂಕಿಯೊಂದನ್ನೇ ಹಿಡಿದುಕೊಂಡು ಕೂರಬೇಡಿ. ಬೆಳವಣಿಗೆ ಎಷ್ಟು ಬಾಕಿ ಇದೆ ಅನ್ನುವುದು ಅಷ್ಟೇ ಮುಖ್ಯ. ಇನ್ನೂ ಮುಟ್ಟಾಗದ ಹನ್ನೊಂದರ ಹುಡುಗಿಯ 40 ಡಿಗ್ರಿ, ಮುಟ್ಟಾಗಿ ಮೂರು ವರ್ಷ ಕಳೆದವಳ 40 ಡಿಗ್ರಿ, ಎರಡೂ ಒಂದಲ್ಲ. ಮೊದಲನೆಯದು ಒಂದೇ ವರ್ಷದಲ್ಲಿ ಓಡಿಬಿಡಬಹುದು, ಎರಡನೆಯದು ಅಲ್ಲೇ ನಿಲ್ಲಬಹುದು. ವೈದ್ಯರು ಸೊಂಟದ ಮೂಳೆಯ ಅಂಚು ನೋಡಿ ರಿಸ್ಸರ್ 0, ರಿಸ್ಸರ್ 4 ಎಂದು ಬರೆಯುವುದು ಈ ಲೆಕ್ಕಕ್ಕೇ. ಸೊನ್ನೆ ಅಂದರೆ ಬೆಳವಣಿಗೆ ಬಹಳ ಬಾಕಿ, ಐದು ಅಂದರೆ ಮುಗಿಯಿತು.

ಇನ್ನೊಂದು ಮಾತು: ಒಂದೇ ಎಕ್ಸ್-ರೇಯನ್ನು ಇಬ್ಬರು ಅಳೆದರೆ ಐದು ಡಿಗ್ರಿ ಆಚೀಚೆ ಬರುವುದು ಮಾಮೂಲು. ಹೋದ ಸಲ 32 ಇತ್ತು, ಈಗ 35 ಆಗಿದೆ ಎಂದು ರಾತ್ರಿಯೆಲ್ಲ ನಿದ್ದೆಗೆಡಬೇಕಿಲ್ಲ.

ಆಪರೇಷನ್ ಬೇಡ ಅಂದರೆ ಏನಾಗುತ್ತದೆ? ಜೀವಕ್ಕೆ ಅಪಾಯವೇ?

ಹೆದರಿಸಿ ಒಪ್ಪಿಸುವವರೂ ಇದ್ದಾರೆ, ಏನೂ ಆಗುವುದಿಲ್ಲ ಎಂದು ಕಳಿಸುವವರೂ ಇದ್ದಾರೆ. ಇಬ್ಬರದ್ದೂ ಪೂರ್ತಿ ಸರಿಯಲ್ಲ. ಅಮೆರಿಕದ ಅಯೋವಾದಲ್ಲಿ, ಚಿಕಿತ್ಸೆ ಪಡೆಯದ ರೋಗಿಗಳನ್ನು ಐವತ್ತು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಮದುವೆ, ಕೆಲಸ, ಮಕ್ಕಳು ಎಂದು ಎಲ್ಲರಂತೆಯೇ ಬದುಕಿದ್ದರು. ಬೆನ್ನುನೋವು ಬೇರೆಯವರಿಗಿಂತ ಹೆಚ್ಚಿತ್ತು. ಎದೆಭಾಗದ ಡೊಂಕು 80 ಡಿಗ್ರಿ ದಾಟಿದವರಲ್ಲಿ ಏದುಸಿರಿನ ತೊಂದರೆ ಹೆಚ್ಚಾಗಿ ಕಂಡಿತು.

ಹಾಗಾದರೆ 50ಕ್ಕೇ ಯಾಕೆ ಮಾಡಬೇಕು? 50 ದಾಟಿದ ಎದೆಭಾಗದ ಡೊಂಕು, ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಹೆಚ್ಚುತ್ತಲೇ ಹೋಗಬಹುದು. ಹದಿನೈದಕ್ಕೆ 55 ಇದ್ದದ್ದು ನಲವತ್ತೈದಕ್ಕೆ 85 ಆದೀತು. ಆಗ ಮೂಳೆ ಗಡುಸಾಗಿರುತ್ತದೆ, ಆಪರೇಷನ್ ದೊಡ್ಡದಾಗುತ್ತದೆ, ಅಪಾಯವೂ ಹೆಚ್ಚು. ಈಗ ಮಾಡುವ ಆಪರೇಷನ್ ಬಹುತೇಕ ಮುಂದಿನ ಆ ದಿನಗಳಿಗಾಗಿ.

ಬ್ರೇಸ್, ಯೋಗ, ಮಸಾಜು ಇವುಗಳಿಂದ ಸರಿಹೋಗುವುದಿಲ್ಲವೇ?

ಬ್ರೇಸಿಗೆ ಗಟ್ಟಿ ಆಧಾರವಿದೆ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಬ್ರೇಸ್ ಹಾಕಿದ ಮಕ್ಕಳಲ್ಲಿ ನೂರಕ್ಕೆ 72 ಜನ 50 ಡಿಗ್ರಿ ತಲುಪದೆ ಬೆಳವಣಿಗೆ ಮುಗಿಸಿದರು. ಹಾಕದವರಲ್ಲಿ ಹೀಗಾದದ್ದು 48 ಜನ. ದಿನಕ್ಕೆ ಹದಿಮೂರು ಗಂಟೆಗೂ ಹೆಚ್ಚು ಹೊತ್ತು ಹಾಕಿದವರ ಫಲ ಇನ್ನೂ ಚೆನ್ನಾಗಿತ್ತು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಒಳಗೊಂದು ಹತ್ತಿಯ ಬನಿಯನ್, ಅದರ ಮೇಲೆ ಪ್ಲಾಸ್ಟಿಕ್ ಚಿಪ್ಪು ಹಾಕಿಕೊಂಡು ಕ್ಲಾಸಿನಲ್ಲಿ ಕೂರುವುದು ಸುಲಭವಲ್ಲ. ಸುಮ್ಮನೆ ಗದರಿಸುವ ಬದಲು ಟೀಚರ್ ಹತ್ತಿರ ಮಾತಾಡಿ ಫ್ಯಾನಿನ ಕೆಳಗೆ ಜಾಗ ಮಾಡಿಸಿಕೊಡಿ. ಬ್ರೇಸ್ ಡೊಂಕನ್ನು ತಡೆಯುತ್ತದೆ ಅಷ್ಟೇ, ಇದ್ದದ್ದನ್ನು ನೆಟ್ಟಗೆ ಮಾಡುವುದಿಲ್ಲ.

ಯೋಗ, ವ್ಯಾಯಾಮ ಮೈಗೆ ಒಳ್ಳೆಯದು, ಉಸಿರಿಗೂ ಒಳ್ಳೆಯದು. ಅರವತ್ತು ಡಿಗ್ರಿಯ ಡೊಂಕು ಆಸನದಿಂದ ನೆಟ್ಟಗಾಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಬೆನ್ನು ಲಟಕ್ಕೆನಿಸಿ ಸರಿಮಾಡುತ್ತೇವೆ ಅನ್ನುವವರ ಬಳಿಗೆ ಹೋಗಲೇಬೇಡಿ.

ಆಪರೇಷನ್ನಿನಲ್ಲಿ ನಿಜಕ್ಕೂ ಏನು ಮಾಡುತ್ತಾರೆ?

ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯ ಮೇಲೆ ಒತ್ತಡ ಬೀಳದಂತೆ ದಿಂಬುಗಳ ಮೇಲೆ ಮಗುವನ್ನು ಬೋರಲು ಮಲಗಿಸುತ್ತಾರೆ. ಹೊಟ್ಟೆ ಒತ್ತಿದರೆ ಬೆನ್ನಿನ ರಕ್ತನಾಳಗಳು ಉಬ್ಬಿ ರಕ್ತಸ್ರಾವ ಹೆಚ್ಚುತ್ತದೆ, ಅದಕ್ಕೇ ಆ ದಿಂಬುಗಳು. ಬೆನ್ನಿನ ನಡುವೆ ಉದ್ದಕ್ಕೆ ಸೀಳಿ, ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಎರಡೂ ಬದಿಗೆ ಸರಿಸುತ್ತಾರೆ. ಡೊಂಕಿಗೆ ಸೇರಿದ ಒಂದೊಂದು ಕಶೇರುವಿಗೂ, ಅಂದರೆ ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆಗೂ, ಹಿಂಬದಿಯಿಂದ ಸ್ಕ್ರೂ ಕೂರಿಸುತ್ತಾರೆ. ಸ್ಕ್ರೂ ಹಾದುಹೋಗುವ ಮೂಳೆಯ ದಾರಿ ಕೆಲವೆಡೆ ನಾಲ್ಕೈದು ಮಿಲಿಮೀಟರ್ ಅಗಲ ಮಾತ್ರ, ಅದರ ಪಕ್ಕದಲ್ಲೇ ಬೆನ್ನುಹುರಿ. ಸರ್ಜನ್ ಕೈಯ ಅನುಭವಕ್ಕೆ ಬೆಲೆ ಬರುವುದು ಇಲ್ಲೇ.

ಆಮೇಲೆ ಕಶೇರುಗಳ ನಡುವಿನ ಚಿಕ್ಕ ಕೀಲುಗಳನ್ನು ಕತ್ತರಿಸಿ ಬೆನ್ನನ್ನು ಸಡಿಲಿಸುತ್ತಾರೆ. ಮಗುವಿನ ಬೆನ್ನಿಗೆ ತಕ್ಕಂತೆ ಬಗ್ಗಿಸಿದ ಎರಡು ರಾಡುಗಳನ್ನು ಸ್ಕ್ರೂಗಳ ತಲೆಗೆ ಸೇರಿಸಿ, ನಿಧಾನಕ್ಕೆ ಡೊಂಕನ್ನೂ ತಿರುಚನ್ನೂ ಬಿಡಿಸುತ್ತಾರೆ. ರಾಡ್ ಟೈಟೇನಿಯಮ್ಮಿನದ್ದೋ ಕೋಬಾಲ್ಟ್ ಕ್ರೋಮಿನದ್ದೋ ಇರುತ್ತದೆ. ಕೊನೆಗೆ ಮೂಳೆಯ ಮೇಲ್ಮೈ ಕೆರೆದು ಒರಟು ಮಾಡಿ, ಕತ್ತರಿಸಿ ತೆಗೆದ ಮೂಳೆಯ ಚೂರುಗಳನ್ನೇ ಅದರ ಮೇಲೆ ಹರಡುತ್ತಾರೆ. ಆರು ತಿಂಗಳಿಂದ ಒಂದು ವರ್ಷದಲ್ಲಿ ಆ ಭಾಗದ ಕಶೇರುಗಳೆಲ್ಲ ಬೆಸೆದು ಒಂದೇ ಮೂಳೆಯಾಗುತ್ತವೆ. ಡೊಂಕನ್ನು ಬದುಕಿಡೀ ಹಿಡಿದಿಡುವುದು ಆ ಬೆಸುಗೆಯೇ, ಅಲ್ಲಿಯವರೆಗೆ ಕಾಯುವ ಕೆಲಸ ಮಾತ್ರ ಲೋಹದ್ದು. ಬೆಸುಗೆ ಕೂಡದಿದ್ದರೆ ಎಂಥ ರಾಡೂ ಒಂದು ದಿನ ಮುರಿಯುತ್ತದೆ.

ಒಟ್ಟು ನಾಲ್ಕರಿಂದ ಏಳೆಂಟು ಗಂಟೆ. ಹೊರಗೆ ಕಾಯುವವರು ಊಟ ಮಾಡಿಕೊಂಡು ಬಂದು ಕೂರುವುದು ಒಳ್ಳೆಯದು.

ಇದು ಈಚಿನ ಪ್ರಯೋಗವೇ?

ನೂರು ವರ್ಷ ದಾಟಿದೆ. ನ್ಯೂಯಾರ್ಕಿನ ರಸೆಲ್ ಹಿಬ್ಸ್ 1911ರಲ್ಲಿ ಟಿಬಿ ಬೆನ್ನಿಗೆ, 1914ರ ಹೊತ್ತಿಗೆ ಸ್ಕೋಲಿಯೋಸಿಸ್‌ಗೆ ಮೂಳೆ ಬೆಸೆಯುವ ಆಪರೇಷನ್ ಮಾಡಿದರು. ಆಗ ಲೋಹವಿರಲಿಲ್ಲ. ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿರಬೇಕಿತ್ತು. ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್, ಪೋಲಿಯೋದಿಂದ ಬೆನ್ನು ಸೊಟ್ಟಾದ ಮಕ್ಕಳಿಗಾಗಿ ಕೊಕ್ಕೆ ಮತ್ತು ರಾಡಿನ ಕ್ರಮ ಕಂಡುಹಿಡಿದು 1962ರಲ್ಲಿ ಪ್ರಕಟಿಸಿದರು. ಅದು ಬೆನ್ನನ್ನು ಎರಡು ತುದಿಯಿಂದ ಹಿಗ್ಗಿಸುತ್ತಿತ್ತು. ಪಕ್ಕದ ಡೊಂಕು ಇಳಿಯುತ್ತಿತ್ತು, ಆದರೆ ಸೊಂಟದ ಸಹಜ ಒಳಬಾಗು ಮಾಯವಾಗಿ ವರ್ಷಗಳ ಮೇಲೆ ಕೆಲವರಿಗೆ ನೆಟ್ಟಗೆ ನಿಲ್ಲುವುದೇ ಕಷ್ಟವಾಯಿತು. ನಿಮ್ಮ ನೆಂಟರಲ್ಲಿ ಯಾರಾದರೂ ಹಳೆಯ ಕಾಲದ ಕೆಟ್ಟ ಅನುಭವ ಹೇಳಿದರೆ ಅದು ಈ ಕ್ರಮದ್ದೇ ಇರಬಹುದು.

ಮೆಕ್ಸಿಕೋದ ಲೂಕೆ ತಂತಿ ಬಿಗಿಯುವ ಕ್ರಮ ತಂದರು. ಫ್ರಾನ್ಸಿನ ಕೊತ್ರೆಲ್ ಮತ್ತು ದುಬುಸೆ 1980ರ ದಶಕದಲ್ಲಿ ಡೊಂಕನ್ನು ಮೂರೂ ಆಯಾಮದಲ್ಲಿ ತಿದ್ದುವ ದಾರಿ ತೋರಿದರು. ಎದೆಭಾಗದ ಕಶೇರುಗಳಿಗೂ ಸ್ಕ್ರೂ ಹಾಕಬಹುದೆಂದು 1990ರ ದಶಕದಲ್ಲಿ ತೋರಿಸಿಕೊಟ್ಟದ್ದು ಕೊರಿಯಾದ ಸುಕ್. ಇಂದು ನಡೆಯುವ ಆಪರೇಷನ್ ಹೆಚ್ಚುಕಡಿಮೆ ಅದೇ.

ಬೆನ್ನು ಪೂರ್ತಿ ನೆಟ್ಟಗಾಗುತ್ತದೆಯೇ?

ಸಾಮಾನ್ಯವಾಗಿ ಡೊಂಕಿನ ನೂರಕ್ಕೆ ಅರವತ್ತು ಎಪ್ಪತ್ತು ಪಾಲು ಇಳಿಯುತ್ತದೆ. 60 ಡಿಗ್ರಿ ಇದ್ದದ್ದು 20ರ ಆಸುಪಾಸಿಗೆ ಬಂದರೆ ಒಳ್ಳೆಯ ಫಲಿತಾಂಶ. ಎಷ್ಟು ಇಳಿದೀತು ಅನ್ನುವ ಅಂದಾಜಿಗೆ, ಮಗುವನ್ನು ಎಡಕ್ಕೆ, ಬಲಕ್ಕೆ ಬಗ್ಗಿಸಿ ಎಕ್ಸ್-ರೇ ತೆಗೆಯುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಮಾತು ಇಲ್ಲಿ ಹಾಗೇ ಸಲ್ಲುತ್ತದೆ: ಚಿಕ್ಕ ವಯಸ್ಸಿನ ಮೆದು ಡೊಂಕು ಹೆಚ್ಚು ಇಳಿಯುತ್ತದೆ.

ಫಿಲಂ ಮೇಲೆ ಗೆರೆ ಎಳೆದಂತೆ ಕಾಣಲಿ ಎಂದು ಎಲ್ಲ ಕಶೇರುಗಳನ್ನೂ ಬೆಸೆಯುವುದು ಜಾಣತನವಲ್ಲ. ಸೊಂಟಭಾಗದ ಒಂದೊಂದು ಕೀಲು ಉಳಿದರೂ ಮಗುವಿಗೆ ಬದುಕಿಡೀ ಲಾಭ. ಯಾವ ಡೊಂಕನ್ನು ಬೆಸೆಯಬೇಕು, ಯಾವುದನ್ನು ತಾನಾಗಿ ಸರಿಹೋಗಲು ಬಿಡಬೇಕು ಎಂದು ನಿರ್ಧರಿಸಲು 2001ರಲ್ಲಿ ಬಂದ ಲೆಂಕೆ ವರ್ಗೀಕರಣವನ್ನು ಬಳಸುತ್ತಾರೆ. ತಲೆ ಸೊಂಟದ ನೇರಕ್ಕೆ, ಹೆಗಲು ಸಮಕ್ಕೆ, ಕೆಳಗೆ ಸಾಧ್ಯವಾದಷ್ಟು ಕೀಲು ಉಳಿಕೆ: ಇಷ್ಟಾದರೆ ನನ್ನ ಲೆಕ್ಕದಲ್ಲಿ ಗೆದ್ದಂತೆ. ಪಕ್ಕೆಯ ಉಬ್ಬು ಇಳಿಯುತ್ತದೆ, ಪೂರ್ತಿ ಹೋಗದೆಯೂ ಇರಬಹುದು.

ಆಪರೇಷನ್ ಆದಮೇಲೆ ಮಗು ಬೆಳೆಯುವುದು ನಿಂತುಹೋಗುತ್ತದೆಯೇ?

ಬೆಸೆದ ಭಾಗ ಮಾತ್ರ ಬೆಳೆಯುವುದಿಲ್ಲ, ಕಾಲುಗಳಿಗೆ ಅದರ ಗೊಡವೆಯೇ ಇಲ್ಲ. ಸರ್ಜನ್‌ಗಳ ಒಂದು ಲೆಕ್ಕವಿದೆ: ಬೆಸೆದ ಕಶೇರುಗಳ ಸಂಖ್ಯೆಯನ್ನು ಬಾಕಿ ಇರುವ ಬೆಳವಣಿಗೆಯ ವರ್ಷಗಳಿಂದ ಗುಣಿಸಿ, ಮತ್ತೆ 0.07ರಿಂದ ಗುಣಿಸಿದರೆ ತಪ್ಪಿಹೋಗುವ ಎತ್ತರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಹತ್ತು ಕಶೇರು, ಎರಡು ವರ್ಷ ಅಂದರೆ 1.4 ಸೆಂಟಿಮೀಟರ್. ಡೊಂಕು ಬಿಡಿಸಿದ್ದರಿಂದ ಆ ದಿನವೇ ಎರಡು ಮೂರು ಸೆಂಟಿಮೀಟರ್ ಸಿಕ್ಕಿರುತ್ತದೆ. ಹಳೆಯ ಲಂಗ ಮೋಟಾಗುವುದು ಗ್ಯಾರಂಟಿ.

ಕೈಕಾಲು ಬಿದ್ದುಹೋದರೆ ಏನು ಗತಿ?

ಎಲ್ಲ ಪ್ರಶ್ನೆಗಳ ಹಿಂದೆಯೂ ಇರುವ ಪ್ರಶ್ನೆ ಇದು. ಹದಿವಯಸ್ಸಿನ ಸಾಮಾನ್ಯ ಸ್ಕೋಲಿಯೋಸಿಸ್‌ನಲ್ಲಿ ನರಕ್ಕೆ ತೊಂದರೆಯಾಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅವರಲ್ಲೂ ಅನೇಕರು ಚೇತರಿಸಿಕೊಳ್ಳುತ್ತಾರೆ. ಸೊನ್ನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಪರೇಷನ್ ನಡೆಯುವಷ್ಟು ಹೊತ್ತೂ ತಲೆಗೆ, ಕೈಕಾಲಿಗೆ ಸೂಜಿಗಳನ್ನು ಚುಚ್ಚಿ, ಮಿದುಳಿನಿಂದ ಕಾಲಿಗೆ, ಕಾಲಿನಿಂದ ಮಿದುಳಿಗೆ ಸಂದೇಶ ಸರಿಯಾಗಿ ಹರಿಯುತ್ತಿದೆಯೇ ಎಂದು ಒಬ್ಬರು ಪರದೆ ನೋಡುತ್ತಲೇ ಇರುತ್ತಾರೆ. ಇದಕ್ಕೆ ನ್ಯೂರೋಮಾನಿಟರಿಂಗ್ ಅನ್ನುತ್ತಾರೆ. ಸಂದೇಶ ಕುಗ್ಗಿದರೆ ಎಲ್ಲರೂ ಕೈ ನಿಲ್ಲಿಸಿ, ರಕ್ತದೊತ್ತಡ ಏರಿಸಿ, ಬಿಗಿದದ್ದನ್ನು ಸಡಿಲಿಸುತ್ತಾರೆ. ಬೇಕಾದರೆ ರಾಡನ್ನೇ ತೆಗೆದು ಇನ್ನೊಂದು ದಿನ ಮುಂದುವರಿಸುತ್ತಾರೆ. ಈ ಯಂತ್ರಗಳಿಲ್ಲದ ಕಾಲದಲ್ಲಿ, 1973ರಿಂದ ಈಚೆಗೆ, ಸ್ಟಾಗ್ನಾರ ಪರೀಕ್ಷೆ ಇತ್ತು. ಆಪರೇಷನ್ ನಡುವೆಯೇ ಅರಿವಳಿಕೆ ತಗ್ಗಿಸಿ "ಕಾಲು ಆಡಿಸು" ಅನ್ನುವುದು. ಅನುಮಾನ ಬಂದಾಗ ಇಂದಿಗೂ ಮಾಡುತ್ತಾರೆ. ನ್ಯೂರೋಮಾನಿಟರಿಂಗ್ ಇದೆಯೇ ಎಂದು ಮೊದಲೇ ಕೇಳಿ. ಇಲ್ಲ ಅಂದರೆ ಇನ್ನೊಂದು ಆಸ್ಪತ್ರೆ ನೋಡುವುದೇ ಲೇಸು.

ಗಾಯಕ್ಕೆ ಸೋಂಕು, ಸ್ಕ್ರೂ ಜಾಗ ತಪ್ಪುವುದು, ಬೆಸುಗೆ ಕೂಡದಿರುವುದು, ಬೆಸೆಯದ ಭಾಗದಲ್ಲಿ ಡೊಂಕು ಮುಂದುವರಿಯುವುದು ಇವೂ ಇವೆ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆ. ಸುರಿದ ರಕ್ತವನ್ನು ತೊಳೆದು ವಾಪಸ್ ಕೊಡುವ ಸೆಲ್ ಸೇವರ್ ಯಂತ್ರವೂ ಉಂಟು. ಆದರೂ ರಕ್ತ ಸಿದ್ಧವಿಟ್ಟುಕೊಳ್ಳಲು ಹೇಳುತ್ತಾರೆ. ಮುಂಚೆಯೇ ಹಿಮೋಗ್ಲೋಬಿನ್ ನೋಡಿಸಿ, ಕಡಿಮೆಯಿದ್ದರೆ ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.

ಆಸ್ಪತ್ರೆಯಲ್ಲಿ ಎಷ್ಟು ದಿನ? ಮನೆಗೆ ಬಂದಮೇಲೆ?

ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನ. ಮಾರನೇ ದಿನವೋ ಅದರ ಮಾರನೇ ದಿನವೋ ಎಬ್ಬಿಸಿ ನಿಲ್ಲಿಸುತ್ತಾರೆ. ಮೊದಲ ಸಲ ತಲೆ ತಿರುಗುತ್ತದೆ, ವಾಕರಿಕೆ ಬರುತ್ತದೆ, ಮಗು ಅಳುತ್ತದೆ. "ಪಾಪ, ಇವತ್ತು ಬೇಡ ಬಿಡಿ" ಎಂದು ಫಿಸಿಯೋಥೆರಪಿಯವರನ್ನು ವಾಪಸ್ ಕಳಿಸುವ ಅಜ್ಜಿಯಂದಿರನ್ನು ಸ್ವಲ್ಪ ಹೊರಗೆ ಕೂರಿಸಿ. ಮಗ್ಗುಲು ಬದಲಿಸುವಾಗ ಹೆಗಲೂ ಸೊಂಟವೂ ಒಟ್ಟಿಗೇ ತಿರುಗಬೇಕು. ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸುತ್ತಾ, ಕೈ ಊರಿ ಏಳಬೇಕು.

ನೋವಿನ ಔಷಧಿಯಿಂದ ಮಲಬದ್ಧತೆ ಬಂದೇ ಬರುತ್ತದೆ. ಅನೇಕ ಮಕ್ಕಳಿಗೆ ಬೆನ್ನಿಗಿಂತ ಹೊಟ್ಟೆಯದ್ದೇ ಗೋಳು. ಗಂಜಿ, ಹಣ್ಣು, ಸಾಕಷ್ಟು ನೀರು ಕೊಡಿ, ಬೇಕಾದರೆ ಮಲ ಸಡಿಲಿಸುವ ಔಷಧಿ ಕೇಳಿ ಪಡೆಯಿರಿ. ಮನೆಯಲ್ಲಿ ಕೂತು ಬಳಸುವ ದೇಸಿ ಪಾಯಖಾನೆಯಷ್ಟೇ ಇದ್ದರೆ ಕೆಲವು ವಾರಕ್ಕೆ ಕಮೋಡ್ ಕುರ್ಚಿ ತರಿಸಿ. ನೆಲದ ಮೇಲಿನ ಹಾಸಿಗೆ ಬೇಡ, ಮಂಚ ಇರಲಿ. ಊರು ದೂರವಿದ್ದರೆ ಕಾರಿನಲ್ಲಿ ನಡುನಡುವೆ ನಿಲ್ಲಿಸಿ ಎರಡು ಹೆಜ್ಜೆ ನಡೆಸಿ. ಬೈಕಿನ ಹಿಂದಿನ ಸೀಟು ಸರ್ಜನ್ ಒಪ್ಪುವವರೆಗೆ ಬೇಡವೇ ಬೇಡ, ನಮ್ಮ ರಸ್ತೆ ಹಂಪುಗಳು ನಿಮಗೆ ಗೊತ್ತೇ ಇವೆ. ಜ್ವರ, ಗಾಯದಿಂದ ನೀರು ಸೋರುವುದು, ಕಾಲು ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ಶಾಲೆ, ಆಟ, ಭರತನಾಟ್ಯ?

ಶಾಲೆಗೆ ನಾಲ್ಕರಿಂದ ಆರು ವಾರಕ್ಕೆ, ಮೊದಲಿಗೆ ಅರ್ಧ ದಿನ. ಪುಸ್ತಕದ ಒಂದು ಸೆಟ್ ಶಾಲೆಯಲ್ಲೇ ಇರಲಿ. ಈಜು ಮೂರು ನಾಲ್ಕು ತಿಂಗಳಿಗೆ, ಓಟ ಮತ್ತು ಆಟಗಳು ಆರು ತಿಂಗಳಿಂದ ವರ್ಷದೊಳಗೆ, ಎಲ್ಲವೂ ಸರ್ಜನ್ ಹೇಳಿದ ಮೇಲೆ. ಕಬಡ್ಡಿಯಂಥ ಮೈಮೇಲೆ ಬೀಳುವ ಆಟಗಳ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು. ಬಾಗುವುದು ಹೆಚ್ಚಾಗಿ ಸೊಂಟದ ಕೀಲಿನಿಂದ, ಕೆಳಬೆನ್ನಿನಿಂದ ಆಗುವುದರಿಂದ, ಎದೆಭಾಗ ಮಾತ್ರ ಬೆಸೆದಿದ್ದರೆ ಅರೆಮಂಡಿ ಹಾಕಲು ಅಡ್ಡಿಯಿಲ್ಲ. ಬೆಸುಗೆ ಸೊಂಟದವರೆಗೆ ಇಳಿದಿದ್ದರೆ ಬಿಗುವು ಗೊತ್ತಾಗುತ್ತದೆ.

ಮದುವೆ, ಹೆರಿಗೆಗೆ ತೊಂದರೆಯೇ?

ಗರ್ಭ ಧರಿಸುವುದಕ್ಕೂ ಸಹಜ ಹೆರಿಗೆಗೂ ಈ ಆಪರೇಷನ್ ಅಡ್ಡಿಯಲ್ಲ. ಸೊಂಟದವರೆಗೆ ಬೆಸೆದಿದ್ದರೆ ಬೆನ್ನಿಗೆ ಚುಚ್ಚುವ ಅರಿವಳಿಕೆ ಕಷ್ಟವಾಗಬಹುದು. ಹೆರಿಗೆ ಡಾಕ್ಟರಿಗೆ ಹಳೆಯ ಎಕ್ಸ್-ರೇ ಮೊದಲೇ ತೋರಿಸಿದರೆ ಸಾಕು. ಇನ್ನು ಗಂಡಿನ ಕಡೆಯವರಿಗೆ ಹೇಳಬೇಕೇ ಎಂದು ಹದಿಮೂರರ ಹುಡುಗಿಯ ಎದುರಿಗೇ ಚರ್ಚೆ ಮಾಡುವವರಿಗೆ ಒಂದೇ ಕೋರಿಕೆ: ಅವಳಿಗೆ ಕಿವಿ ಕೇಳಿಸುತ್ತದೆ.

ರಾಡ್ ಆಮೇಲೆ ತೆಗೆಯಬೇಕೇ? ಎಂಆರ್‌ಐ ಮಾಡಿಸಬಹುದೇ?

ಸೋಂಕು, ನೋವು ಇಲ್ಲದಿದ್ದರೆ ಒಳಗೇ ಇರಲಿ. ಎಂಆರ್‌ಐ ಮಾಡಿಸಬಹುದು, ರಾಡಿನ ಸುತ್ತ ಚಿತ್ರ ಮಸುಕಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಬೀಪ್ ಆಗುವುದು ಅಪರೂಪ, ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಬ್ಯಾಗಿನಲ್ಲಿರಲಿ.

ನಮ್ಮ ಮಗುವಿಗೆ ಇನ್ನೂ ಐದು ವರ್ಷ. ಈಗಲೇ ಬೆಸೆಯುತ್ತಾರೆಯೇ?

ಸಾಧ್ಯವಾದಷ್ಟು ಇಲ್ಲ. ಶ್ವಾಸಕೋಶ ಬೆಳೆಯುವ ವಯಸ್ಸಿನಲ್ಲಿ ಎದೆಭಾಗ ಬೆಸೆದರೆ ಉಸಿರಿಗೇ ಕುತ್ತು. ಮೊದಲು ಪ್ಲಾಸ್ಟರ್, ಬ್ರೇಸ್. ಆಗದಿದ್ದರೆ ಬೆಳೆಯುವ ರಾಡ್: ಮೇಲೆ ಕೆಳಗೆ ಮಾತ್ರ ಹಿಡಿತ ಕೊಟ್ಟು, ಸುಮಾರು ಆರು ತಿಂಗಳಿಗೊಮ್ಮೆ ಚಿಕ್ಕ ಆಪರೇಷನ್ನಿನಲ್ಲಿ ಉದ್ದ ಮಾಡುವುದು. ಹೊರಗಿನಿಂದಲೇ ಅಯಸ್ಕಾಂತದಿಂದ ಉದ್ದ ಮಾಡುವ ರಾಡುಗಳೂ ಬಂದಿವೆ, ಬೆಲೆ ದುಬಾರಿ. ಹುಟ್ಟಿನಿಂದಲೇ ಅರ್ಧ ಕಶೇರು ಇದ್ದು ಡೊಂಕು ಹೆಚ್ಚುತ್ತಿದ್ದರೆ, ಅದೊಂದನ್ನೇ ಚಿಕ್ಕಂದಿನಲ್ಲಿ ತೆಗೆದು ಮುಗಿಸುವುದೂ ಉಂಟು. ಇಂಥ ಮಕ್ಕಳಿಗೆ ಹೃದಯ, ಮೂತ್ರಪಿಂಡ, ಬೆನ್ನುಹುರಿಯ ತಪಾಸಣೆ ತಪ್ಪದೆ ಆಗಬೇಕು.

ಬೆಸೆಯದೆ ಹಗ್ಗದಂಥ ಎಳೆಯಿಂದ ಡೊಂಕು ತಿದ್ದುವ ಟೆದರಿಂಗ್‌ಗೆ ಅಮೆರಿಕದಲ್ಲಿ 2019ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಬೆಳವಣಿಗೆ ಬಾಕಿ ಇರುವ ಕೆಲವೇ ಮಕ್ಕಳಿಗೆ ಅದು ಹೊಂದುತ್ತದೆ, ಎಳೆ ತುಂಡಾಗುವ ತೊಂದರೆಯೂ ಇದೆ.

ಟಿಬಿಯಿಂದ ಬಂದ ಗೂನಿಗೂ ಇದೇ ಆಪರೇಷನ್ನೇ?

ಅಲ್ಲ. ಅಲ್ಲಿ ಕಶೇರುವಿನ ಮುಂಭಾಗವನ್ನೇ ಟಿಬಿ ತಿಂದು, ಬೆನ್ನು ಮುಂದಕ್ಕೆ ಕುಸಿದಿರುತ್ತದೆ. ಔಷಧಿಯಿಂದ ಟಿಬಿ ವಾಸಿಯಾದಮೇಲೂ ಮಕ್ಕಳಲ್ಲಿ ಗೂನು ಬೆಳೆಯುತ್ತಲೇ ಹೋಗಬಹುದು. ಯಾವ ಮಗುವಿಗೆ ಹಾಗಾದೀತು ಎಂದು ಎಕ್ಸ್-ರೇಯಲ್ಲೇ ಮುಂಚಿತವಾಗಿ ಗುರುತಿಸುವ ಲಕ್ಷಣಗಳನ್ನು ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಕರನ್ ವಿವರಿಸಿದ್ದಾರೆ. ಹಳೆಯ, ಗಟ್ಟಿಯಾದ ಗೂನಿಗೆ ಮೂಳೆಯನ್ನು ಬೆಣೆಯಾಕಾರದಲ್ಲಿ ಕತ್ತರಿಸಿಯೋ, ಇಡೀ ಕಶೇರುವನ್ನೇ ತೆಗೆದೋ ನೆಟ್ಟಗೆ ಮಾಡಬೇಕು. ಇದರಲ್ಲಿ ನರಕ್ಕೆ ಅಪಾಯ ಮೇಲೆ ಹೇಳಿದ್ದಕ್ಕಿಂತ ಬಹಳ ಹೆಚ್ಚು. ಟಿಬಿ ಬೆನ್ನಿಗೆ ಬಂದ ಮಗುವನ್ನು ಮಾತ್ರೆ ಮುಗಿಯಿತೆಂದು ಬಿಡದೆ, ಬೆಳೆದು ಮುಗಿಯುವವರೆಗೂ ತೋರಿಸುತ್ತಿರಿ.

ಖರ್ಚು? ಸರ್ಕಾರದ ನೆರವು ಸಿಗುತ್ತದೆಯೇ?

ಬಿಲ್ಲಿನಲ್ಲಿ ದೊಡ್ಡ ಪಾಲು ಸ್ಕ್ರೂ, ರಾಡುಗಳದ್ದೇ. ಹೀಗಾಗಿ ಎಷ್ಟು ಸ್ಕ್ರೂ ಅನ್ನುವುದರ ಮೇಲೆ ಮೊತ್ತ ಏರಿಳಿಯುತ್ತದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಪತ್ರವಿಲ್ಲದೆ ಅಡ್ಮಿಟ್ ಆಗಿ ಆಮೇಲೆ ಓಡಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಮಗುವಿನ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ನ್ಯೂರೋಮಾನಿಟರಿಂಗ್ ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಬರೆಸಿಕೊಳ್ಳಿ.

ಸರ್ಜನ್ ಹತ್ತಿರ ಏನು ಕೇಳಬೇಕು?

ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ, ಯಾವ ಕಶೇರುವಿನಿಂದ ಯಾವುದರವರೆಗೆ ಬೆಸೆಯುತ್ತೀರಿ, ಆರು ತಿಂಗಳು ಕಾದರೆ ಏನು ಕಳೆದುಕೊಳ್ಳುತ್ತೇವೆ ಎಂದು ಕೇಳಿ. ಇನ್ನೊಬ್ಬರ ಅಭಿಪ್ರಾಯ ಪಡೆಯುತ್ತೇವೆ ಅಂದರೆ ಒಳ್ಳೆಯ ಸರ್ಜನ್ ಮುನಿಸಿಕೊಳ್ಳುವುದಿಲ್ಲ. ಮಗುವೂ ತನ್ನ ಪ್ರಶ್ನೆ ಕೇಳಲಿ, ಸಾಮಾನ್ಯವಾಗಿ ಅದು ಗಾಯದ ಕಲೆ ಎಷ್ಟುದ್ದ ಕಾಣುತ್ತದೆ ಅನ್ನುವುದು. ಹೋಗುವಾಗ ಹಳೆಯ ಎಕ್ಸ್-ರೇಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಕಿಟಕಿಗೆ ಹಿಡಿದು ವಾಟ್ಸಾಪಿಗೆಂದು ತೆಗೆದ ಫೋಟೋದಲ್ಲಿ ಡಿಗ್ರಿ ಅಳೆಯಲಾಗುವುದಿಲ್ಲ, ಫಿಲಂ ಅಥವಾ ಸಿಡಿಯೇ ಬೇಕು.